ಮಕ್ಕಳ ಕೈಯ ರಾಕೆಟ್ಟು: ಏರುವ ವಿದ್ಯೆ, ಇಳಿಯುವ ವಿವೇಕ

ಮೇಲಕ್ಕೆ ಹಾರುವುದೆಲ್ಲವೂ ಮಕ್ಕಳ ಮನಸ್ಸನ್ನು ಸೆಳೆಯುತ್ತದೆ. ಆಷಾಢದ ಗಾಳಿಗೆ ಏರುವ ಗಾಳಿಪಟ, ಜಾತ್ರೆಯಲ್ಲಿ ಕೊಂಡ ಬಲೂನು, ದೀಪಾವಳಿಯ ಇರುಳಿನಲ್ಲಿ ಚಿಮ್ಮುವ ಬಾಣ, ದೂರದರ್ಶನದಲ್ಲಿ ಕಾಣುವ ಶ್ರೀಹರಿಕೋಟಾದ ಉಡಾವಣೆ ಇವುಗಳನ್ನೆಲ್ಲ ಕಂಡ ಮಗುವಿಗೆ ತಾನೂ ಒಂದನ್ನು ಮಾಡಿ ಹಾರಿಸಬೇಕೆಂಬ ಹಂಬಲ ಹುಟ್ಟುವುದು ಸಹಜವೇ ಆಗಿದೆ. ಈ ಹಂಬಲವು ಒಳ್ಳೆಯದು. ಆದರೆ ಅದಕ್ಕೆ ಸರಿಯಾದ ದಾರಿಯನ್ನು ತೋರಿಸುವವರು ಮನೆಯಲ್ಲಿ ಇಲ್ಲದಿದ್ದರೆ ಅದು ಅಪಾಯದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಹಬ್ಬ ಮುಗಿದ ಮರುದಿನ ಓಣಿಯಲ್ಲಿ ಸಿಡಿಯದೆ ಉಳಿದ ಪಟಾಕಿಗಳನ್ನು ಆಯ್ದು ತಂದು, ಬಿಡಿಸಿ, ಮದ್ದನ್ನು ಕಾಗದದ ಮೇಲೆ ಸುರಿದು, ಯಾವುದಾದರೊಂದು ಕೊಳವೆಯಲ್ಲಿ ತುರುಕಿ ಹೊತ್ತಿಸುವ ಹುಡುಗರನ್ನು ಯಾರು ಕಂಡಿಲ್ಲ? ಮುಚ್ಚಿದ ಕೊಳವೆಯಲ್ಲಿ ಬಿಗಿಯಾಗಿ ತುಂಬಿದ ಮದ್ದು ರಾಕೆಟ್ಟಾಗುವುದಿಲ್ಲ, ಬಾಂಬಾಗುತ್ತದೆ. ಬೆರಳು ಹೋದರೆ ಬೆರಳು ಬಾರದು. ಕಣ್ಣು ಹೋದರೆ ಕಣ್ಣು ಬಾರದು. ಇಂತಹ ಸಂದರ್ಭದಲ್ಲಿ ಕೆಲವು ತಂದೆತಾಯಿಗಳು ಗದರಿಸಿ ಹೊಡೆಯುತ್ತಾರೆ. ಕೆಲವರು ಹುಡುಗಾಟಿಕೆಯೆಂದು ಕಡೆಗಣಿಸುತ್ತಾರೆ. ಹೊಡೆತದಿಂದ ಕುತೂಹಲವು ಸಾಯುವುದಿಲ್ಲ, ಹಿತ್ತಲಿಗೆ ಹೋಗಿ ಅಡಗಿಕೊಳ್ಳುತ್ತದೆ. ಕಡೆಗಣಿಸುವುದರಿಂದ ಕೈಯೇ ಹೋಗಬಹುದು. ಇವೆರಡಕ್ಕಿಂತ ಮೇಲಾದ ಮೂರನೆಯ ಮಾರ್ಗವೊಂದುಂಟು. ಅದೇ ಮಾದರಿ ರಾಕೆಟ್ಟಿನ ಹವ್ಯಾಸ. ಅದನ್ನು ವಾಚಕರಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿಗೆ ಹೊಸದಲ್ಲ

ರಾಕೆಟ್ಟೆಂಬುದು ಪರದೇಶದಿಂದ ಬಂದ ವಿದ್ಯೆಯೆಂದು ಅನೇಕರು ಭಾವಿಸಿದ್ದಾರೆ. ಆದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದನೆಯ ಬಿದಿರ ಕೋಲಿಗೆ ಬಿಗಿದು ಹಾರಿಸುವ ಕಲೆಯಲ್ಲಿ ಹದಿನೆಂಟನೆಯ ಶತಮಾನದ ಮೈಸೂರು ಜಗತ್ತಿಗೇ ಮುಂದಿತ್ತು. ಯುರೋಪಿನವರು ಆಗ ಕಾಗದದ ರಟ್ಟಿನ ಕೊಳವೆಗಳನ್ನು ಬಳಸುತ್ತಿದ್ದರು. ರಟ್ಟು ತಾಳದಷ್ಟು ಒತ್ತಡವನ್ನು ಕಬ್ಬಿಣವು ತಾಳುತ್ತದೆ. ಆದುದರಿಂದ ಮೈಸೂರಿನ ರಾಕೆಟ್ಟುಗಳು ಹೆಚ್ಚು ದೂರ ಹೋಗುತ್ತಿದ್ದವು. 1780ರ ಪೊಳ್ಳಿಲೂರು ಯುದ್ಧದಲ್ಲಿಯೂ ಮುಂದಿನ ಶ್ರೀರಂಗಪಟ್ಟಣದ ಯುದ್ಧಗಳಲ್ಲಿಯೂ ಇಂಗ್ಲಿಷರು ಇವುಗಳ ರುಚಿಯನ್ನು ಕಂಡರು. 1799ರ ಅನಂತರ ಇಲ್ಲಿಂದ ಒಯ್ದ ರಾಕೆಟ್ಟುಗಳನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಲಾಯಿತು. ವಿಲಿಯಂ ಕಾಂಗ್ರೀವ್ ಎಂಬಾತನು ಅವುಗಳನ್ನು ಸುಧಾರಿಸಿ ತನ್ನ ಹೆಸರಿನ ರಾಕೆಟ್ಟುಗಳನ್ನು ತಯಾರಿಸಿದನು.

ಈ ಇತಿಹಾಸವು ನಮ್ಮ ಸೀಮೆಗೂ ದೂರವಲ್ಲ. 1785ರಲ್ಲಿ ಟೀಪುವಿನ ಸೇನೆಯು ನರಗುಂದ, ರಾಮದುರ್ಗ, ಕಿತ್ತೂರುಗಳನ್ನು ಹಿಡಿದ ಸಂಗತಿ ಇತಿಹಾಸದಲ್ಲಿ ದಾಖಲಾಗಿದೆ. ಕಿತ್ತೂರಿನ ದೊರೆ ಮಲ್ಲಸರ್ಜನು ಸೆರೆಯನ್ನು ಅನುಭವಿಸಿದ್ದೂ ಆ ಕಾಲದಲ್ಲಿಯೇ. ಮಲೆನಾಡಿನಲ್ಲಿ ವೀರಶೈವ ದೊರೆಗಳಾದ ಕೆಳದಿ ಅರಸರ ರಾಜಧಾನಿಯಾಗಿದ್ದ ನಗರವು 1763ರಲ್ಲಿ ಹೈದರನ ವಶವಾಯಿತು. ಅದೇ ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರಿಗೆ ಒಂದು ಸಾವಿರಕ್ಕೂ ಹೆಚ್ಚು ಹಳೆಯ ಕಬ್ಬಿಣದ ರಾಕೆಟ್ಟುಗಳು ದೊರೆತವು. ಕೆಸರಿನಲ್ಲಿ ಹೂತುಹೋಗಿದ್ದ ಆ ಕೊಳವೆಗಳಲ್ಲಿ ಮದ್ದಿನ ಅಂಶವು ಇನ್ನೂ ಉಳಿದಿತ್ತು.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತರುಣ ಎಂಜಿನಿಯರಾಗಿ ಅಮೆರಿಕದ ವಾಲಪ್ಸ್ ಉಡಾವಣಾ ಕೇಂದ್ರಕ್ಕೆ ಹೋದಾಗ, ಅಲ್ಲಿಯ ಸ್ವಾಗತ ಕೋಣೆಯ ಗೋಡೆಯ ಮೇಲೆ ಮೈಸೂರಿನ ಸೈನಿಕರು ರಾಕೆಟ್ಟು ಹಾರಿಸುತ್ತಿರುವ ವರ್ಣಚಿತ್ರವನ್ನು ಕಂಡುದಾಗಿ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಾವು ಮರೆತುದನ್ನು ಅವರು ಗೋಡೆಗೆ ತೂಗುಹಾಕಿದ್ದರು! 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ನಮ್ಮ ನೆಲದ ಮೊದಲ ಸಂಶೋಧನಾ ರಾಕೆಟ್ಟು ಏರಿತು. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಕಕ್ಷೆಯನ್ನು ಸೇರಿತು.

ಆಟಕ್ಕೆ ಶಿಸ್ತು ಬಂದ ಬಗೆ

1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕದ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ನಮ್ಮ ಹುಡುಗರು ಮಾಡುವುದನ್ನೇ ಅವರೂ ಮಾಡಿದರು. ಕಬ್ಬಿಣದ ಕೊಳವೆಗಳಲ್ಲಿ ರಾಸಾಯನಿಕಗಳನ್ನು ತುಂಬಿ ಹೊತ್ತಿಸಿದರು. ಅನೇಕರು ಗಾಯಗೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಇದಕ್ಕೆ ಪರಿಹಾರವು ಆ ವೇಳೆಗಾಗಲೇ ಒಬ್ಬ ಚಪ್ಪಲಿ ವ್ಯಾಪಾರಿಯ ಮನೆಯಲ್ಲಿ ಸಿದ್ಧವಾಗಿತ್ತು. ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಪಟ್ಟಣದಲ್ಲಿ ಪಾದರಕ್ಷೆಗಳ ಅಂಗಡಿ ನಡೆಸುತ್ತಿದ್ದ ಆರ್ವಿಲ್ ಕಾರ್ಲೈಲ್ ಎಂಬುವರಿಗೆ ಪಟಾಕಿಗಳ ವಿದ್ಯೆ ಗೊತ್ತಿತ್ತು. ಅವರ ಸಹೋದರ ರಾಬರ್ಟ್ ಅವರಿಗೆ ಮಾದರಿ ವಿಮಾನಗಳ ಹವ್ಯಾಸವಿತ್ತು. ಇಬ್ಬರೂ ಸೇರಿ ಕಾಗದ ಹಾಗೂ ಹಗುರ ಕಟ್ಟಿಗೆಯ ಪುಟ್ಟ ರಾಕೆಟ್ಟನ್ನೂ, ಒಮ್ಮೆ ಉರಿಸಿ ಎಸೆಯಬಹುದಾದ ರಟ್ಟಿನ ಎಂಜಿನನ್ನೂ ರೂಪಿಸಿದ್ದರು. 1957ರಲ್ಲಿ ಅವರು ತಮ್ಮ ರಾಕೆಟ್ಟುಗಳನ್ನು ನ್ಯೂ ಮೆಕ್ಸಿಕೊದ ಕ್ಷಿಪಣಿ ಕೇಂದ್ರದಲ್ಲಿ ಕೆಲಸದಲ್ಲಿದ್ದ ಜಿ. ಹ್ಯಾರಿ ಸ್ಟೈನ್ ಅವರಿಗೆ ಕಳುಹಿಸಿದರು. ಸ್ಟೈನ್ ಅದಕ್ಕೆ ಸುರಕ್ಷತೆಯ ನಿಯಮಾವಳಿಯನ್ನು ರಚಿಸಿದರು, ಅದೇ ವರ್ಷ ರಾಷ್ಟ್ರಮಟ್ಟದ ಹವ್ಯಾಸಿಗಳ ಸಂಘವನ್ನು ಕಟ್ಟಿದರು. ಮುಂದೆ ವೆರ್ನನ್ ಎಸ್ಟಿಸ್ ಎಂಬುವರು ಎಂಜಿನುಗಳನ್ನು ಒಂದೇ ಅಳತೆಯಲ್ಲಿ ತಯಾರಿಸುವ ಯಂತ್ರವನ್ನು ನಿರ್ಮಿಸಿದರು.

ಈ ಹವ್ಯಾಸದ ಮೂಲಸೂತ್ರವು ಒಂದೇ: ರಾಕೆಟ್ಟಿನ ಮೈಯನ್ನು ನೀನು ಮಾಡು, ಎಂಜಿನನ್ನು ಮಾತ್ರ ಎಂದಿಗೂ ನೀನು ಮಾಡಬೇಡ. ಮದ್ದಿನ ಕೆಲಸವು ಕಾರ್ಖಾನೆಯ ಕೆಲಸ. ಕಿತ್ತೂರಿನ ಕೊನೆಯ ಕಾಳಗದಲ್ಲಿ ದ್ರೋಹಿಗಳು ಮದ್ದಿನಲ್ಲಿ ಸಗಣಿಯನ್ನು ಬೆರೆಸಿದುದರಿಂದ ತೋಪುಗಳು ಹಾರಲಿಲ್ಲವೆಂಬ ಮಾತು ನಮ್ಮ ಜನರ ಬಾಯಲ್ಲಿ ಇಂದಿಗೂ ಇದೆ. ಮದ್ದಿನ ಹದ ಸ್ವಲ್ಪ ತಪ್ಪಿದರೆ ಕೆಲಸ ಕೆಡುತ್ತದೆಂಬುದನ್ನು ನಮ್ಮ ಹಿರಿಯರು ಹೀಗೆ ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ. ಹದ ತಪ್ಪಿದ ಮದ್ದು ಹಾರದಿದ್ದರೆ ಅಷ್ಟಕ್ಕೇ ಮುಗಿಯಿತು. ಕೈಯಲ್ಲಿಯೇ ಸಿಡಿದರೆ ಗತಿಯೇನು?

ಕ್ಲಬ್ಬಿನ ಒಂದು ದಿನ

ಇಂತಹ ಹವ್ಯಾಸಿ ಕ್ಲಬ್ಬುಗಳು ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಬಹಳ ಇವೆ. ಅವುಗಳ ದಿನಚರಿಯನ್ನು ತಿಳಿಯುವುದು ನಮಗೂ ಉಪಯುಕ್ತ.

ರಜೆಯ ದಿನ ಬೆಳಿಗ್ಗೆ, ಗಾಳಿ ಏಳುವ ಮೊದಲೇ, ತಂದೆ ತಾಯಿ ಮಕ್ಕಳು ಕೂಡಿ ಊರ ಹೊರಗಿನ ಬಯಲಿಗೆ ಬರುತ್ತಾರೆ. ಮೊದಲು ನಡೆಯುವುದು ಹಾರಾಟವಲ್ಲ, ಪರೀಕ್ಷೆ. ಸುರಕ್ಷತೆಯ ಹೊಣೆ ಹೊತ್ತ ಹಿರಿಯರೊಬ್ಬರು ಪ್ರತಿಯೊಂದು ರಾಕೆಟ್ಟನ್ನೂ ಕೈಗೆತ್ತಿಕೊಂಡು ನೋಡುತ್ತಾರೆ. ಬಾಲದ ರೆಕ್ಕೆಗಳು ಗಟ್ಟಿಯಾಗಿ ಅಂಟಿವೆಯೆ? ಮೂತಿ ಸಡಿಲವಾಗಿ ಕಳಚಿಕೊಳ್ಳುವುದೆ? ಪ್ಯಾರಾಶೂಟಿನ ದಾರಗಳು ಸಿಕ್ಕಾಗಿಲ್ಲವಷ್ಟೆ? ದೋಷ ಕಂಡ ರಾಕೆಟ್ಟು ಎಷ್ಟೇ ಅಂದವಾಗಿರಲಿ, ಆ ದಿನ ಹಾರುವುದಿಲ್ಲ. ಮಕ್ಕಳು ಅಳುವುದುಂಟು; ಆದರೂ ನಿಯಮವು ಬದಲಾಗುವುದಿಲ್ಲ.

ನೆಲದಲ್ಲಿ ನೆಟ್ಟ ಸುಮಾರು ಒಂದು ಮೀಟರ್ ಉದ್ದದ ಸರಳಿಗೆ ರಾಕೆಟ್ಟನ್ನು ಪೋಣಿಸುತ್ತಾರೆ. ವೇಗ ಬರುವವರೆಗೆ ಅದನ್ನು ನೇರವಾಗಿ ನಡೆಸುವುದು ಈ ಸರಳು. ಬೆಂಕಿಕಡ್ಡಿಯನ್ನಾಗಲಿ ಬತ್ತಿಯನ್ನಾಗಲಿ ಯಾರೂ ಬಳಸುವುದಿಲ್ಲ. ದೂರದಿಂದ ವಿದ್ಯುತ್ ತಂತಿಯ ಮೂಲಕವೇ ಹೊತ್ತಿಸಬೇಕು. ಚಿಕ್ಕ ಎಂಜಿನುಗಳಿಗೆ ಕನಿಷ್ಠ 15 ಅಡಿ, ದೊಡ್ಡವುಗಳಿಗೆ 30 ಅಡಿ ದೂರ ನಿಲ್ಲಬೇಕು. ಗಾಳಿಯ ವೇಗ ಗಂಟೆಗೆ 20 ಮೈಲಿಯನ್ನು ಮೀರಿದರೆ ಹಾರಿಸುವಂತಿಲ್ಲ. ಎಲ್ಲರಿಗೂ ಕೇಳುವಂತೆ ಐದರಿಂದ ಒಂದರವರೆಗೆ ಹಿಂದಕ್ಕೆ ಎಣಿಸಿ ಗುಂಡಿಯನ್ನು ಒತ್ತುತ್ತಾರೆ. ಹೊತ್ತದೆ ಹೋದರೆ ಪೂರ್ತಿ ಒಂದು ನಿಮಿಷ ಕಾಯದೆ ಯಾರೂ ಹತ್ತಿರ ಹೋಗಕೂಡದು.

ಎಂಜಿನು ಉರಿಯುವುದು ಬಹುಪಾಲು ಎರಡು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ರಾಕೆಟ್ಟು ಕಣ್ಣಿಗೆ ಚುಕ್ಕೆಯಾಗುತ್ತದೆ. ಬಳಿಕ ಕೆಲವು ಸೆಕೆಂಡುಗಳ ಕಾಲ ಅದು ಪಡೆದ ವೇಗದಿಂದಲೇ ಮೇಲೇರುತ್ತಿರುವಾಗ ಎಂಜಿನಿನಲ್ಲಿ ಹೊಗೆಯ ಮದ್ದು ಮಾತ್ರ ಮೆಲ್ಲಗೆ ಸುಡುತ್ತಿರುತ್ತದೆ. ಶಿಖರವನ್ನು ಮುಟ್ಟಿದ ಹೊತ್ತಿಗೆ ಒಂದು ಕಿರುಸಿಡಿತವು ಮೂತಿಯನ್ನು ತಳ್ಳುತ್ತದೆ, ಪ್ಯಾರಾಶೂಟು ಬಿಚ್ಚಿಕೊಳ್ಳುತ್ತದೆ. ಬಯಲಿನಲ್ಲಿ ಚಪ್ಪಾಳೆ ಕೇಳುವುದು ಆಗಲೇ. ಏರುವುದನ್ನು ಎಂಜಿನು ಮಾಡಿತು. ಇಳಿಯುವುದನ್ನು ಮಗುವಿನ ಕೈ ಮಾಡಿತು. ಇಳಿದ ರಾಕೆಟ್ಟನ್ನು ಹೊಸ ಎಂಜಿನು ಹಾಕಿ ಮತ್ತೆ ಹಾರಿಸಬಹುದು. ನೇರವಾಗಿ ನೆಲಕ್ಕೆ ಕುಟ್ಟಿದ ರಾಕೆಟ್ಟು ಎಷ್ಟೇ ಎತ್ತರ ಹೋಗಿದ್ದರೂ ಅದಕ್ಕೆ ಮನ್ನಣೆಯಿಲ್ಲ.

ದೊಡ್ಡ ವಿಜ್ಞಾನಕ್ಕೂ ಇದೇ ಮಾತು ಅನ್ವಯಿಸುತ್ತದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ನೌಕೆಯು ಚಂದ್ರನವರೆಗೆ ಹೋಗಿ ಇಳಿಯುವಾಗ ನೆಲಕ್ಕೆ ಅಪ್ಪಳಿಸಿತು. ವಿಜ್ಞಾನಿಗಳು ಕಾರಣವನ್ನು ಹುಡುಕಿ ತಿದ್ದಿಕೊಂಡು, 2023ರ ಆಗಸ್ಟ್ 23ರಂದು ಚಂದ್ರಯಾನ-3ನ್ನು ಮೆಲ್ಲಗೆ ಇಳಿಸಿದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ 2023 ಮತ್ತು 2024ರಲ್ಲಿ ಇಸ್ರೋ ಮೂರು ಸಲ ನಡೆಸಿದ ಪರೀಕ್ಷೆಯೂ ಮತ್ತೆ ಬಳಸಬಹುದಾದ ವಾಹನವನ್ನು ಸುರಕ್ಷಿತವಾಗಿ ಇಳಿಸುವ ಪರೀಕ್ಷೆಯೇ.

ನಮ್ಮಲ್ಲಿ ಯಾವುದು ಯೋಗ್ಯ?

ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಮದ್ದನ್ನು ತಯಾರಿಸುವುದು 1884ರ ಸ್ಫೋಟಕ ಕಾಯಿದೆಯ ಪ್ರಕಾರ ಅಪರಾಧ. ಎಂಜಿನಿನ ರಾಕೆಟ್ಟುಗಳನ್ನು ಹಾರಿಸುವ ಕಾರ್ಯವು ವಿದ್ಯಾಸಂಸ್ಥೆಗಳ ಆಶ್ರಯದಲ್ಲಿ, ಅಧಿಕಾರಿಗಳ ಅನುಮತಿಯಿಂದ ನಡೆಯತಕ್ಕದ್ದು. ಮಣಿಪಾಲದ ತಾಂತ್ರಿಕ ವಿದ್ಯಾಲಯದ ‘ಥ್ರಸ್ಟ್‌ಎಂಐಟಿ’ ಎಂಬ ವಿದ್ಯಾರ್ಥಿ ತಂಡವು ತಾನೇ ರೂಪಿಸಿದ ರಾಕೆಟ್ಟುಗಳೊಡನೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸಿದೆ. 2025ರಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ಮಾದರಿ ರಾಕೆಟ್ಟುಗಳ ರಾಷ್ಟ್ರೀಯ ಸ್ಪರ್ಧೆ ನಡೆಯಿತು. ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳಿಗೆ ಇವು ತೆರೆದ ಬಾಗಿಲುಗಳು.

ಪರದೇಶದಲ್ಲಿ ನೆಲೆಸಿದ ಬಂಧುಗಳಿಗೂ ಒಂದು ವಿನಂತಿ. ಊರಿಗೆ ಬರುವಾಗ ಅಣ್ಣತಮ್ಮಂದಿರ ಮಕ್ಕಳಿಗೆಂದು ರಾಕೆಟ್ಟಿನ ಪೆಟ್ಟಿಗೆ ತರುವ ಪ್ರೀತಿ ದೊಡ್ಡದು. ಆದರೆ ಎಂಜಿನುಗಳನ್ನು ವಿಮಾನದಲ್ಲಿ ಕೈಚೀಲದಲ್ಲಾಗಲಿ ದೊಡ್ಡ ಪೆಟ್ಟಿಗೆಯಲ್ಲಾಗಲಿ ಒಯ್ಯುವುದು ನಿಷಿದ್ಧ.

ಹಾಗಾದರೆ ಶಾಲೆಯ ಮಕ್ಕಳು ಏನು ಮಾಡಬೇಕು? ಅವರಿಗೆ ಬೆಂಕಿಯೂ ಮದ್ದೂ ಬೇಡದ ನೀರಿನ ರಾಕೆಟ್ಟು ಇದೆ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಮೇವಿನ ಬಣವೆಗಳಿರುವ ನಮ್ಮ ಊರುಗಳಿಗೆ ಇದಕ್ಕಿಂತ ಯೋಗ್ಯವಾದುದು ಮತ್ತೊಂದಿಲ್ಲ.

ನೀರಿನ ರಾಕೆಟ್ಟು

ಸೋಡಾ ಮುಂತಾದ ಗ್ಯಾಸಿನ ಪಾನೀಯದ ಒಂದು ಅಥವಾ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನೇ ತೆಗೆದುಕೊಳ್ಳಬೇಕು. ಅದು ಒತ್ತಡವನ್ನು ತಾಳುವಂತೆ ತಯಾರಾದುದು. ಕುಡಿಯುವ ನೀರಿನ ತೆಳು ಬಾಟಲಿ ಒಡೆಯುತ್ತದೆ. ಗಾಜು, ಲೋಹಗಳನ್ನು ಮುಟ್ಟಲೇಬಾರದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ಮೂರು ಅಥವಾ ನಾಲ್ಕು ರೆಕ್ಕೆಗಳನ್ನು ಕತ್ತರಿಸಿ, ಬಾಟಲಿಯ ಬಾಯಿಯ ಕಡೆಗೆ ಸಮಾನ ಅಂತರದಲ್ಲಿ ಅಂಟಿಸಬೇಕು. ತಳದ ಕಡೆಗೆ, ಅಂದರೆ ಹಾರುವಾಗ ಮೇಲಾಗುವ ಕಡೆಗೆ, ಕಾಗದದ ಮೂತಿಯನ್ನು ಮಾಡಿ ಒಳಗೆ ಸ್ವಲ್ಪ ಜೇಡಿಮಣ್ಣನ್ನು ಇಡಬೇಕು.

ಈ ಮಣ್ಣು ಏಕೆ? ಮುಂಭಾರವಿಲ್ಲದ ರಾಕೆಟ್ಟು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಪರೀಕ್ಷೆಯೂ ಸುಲಭ. ರಾಕೆಟ್ಟು ಅಡ್ಡಲಾಗಿ ಸಮತೂಕದಲ್ಲಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ ತಲೆಯ ಸುತ್ತ ಬೀಸಬೇಕು. ಮೂತಿ ಮುಂದಾಗಿ ತಿರುಗಿದರೆ ಅದು ನೇರವಾಗಿ ಹಾರುತ್ತದೆ. ಅಡ್ಡಾದಿಡ್ಡಿ ತಿರುಗಿದರೆ ಮೂತಿಗೆ ಇನ್ನಷ್ಟು ಮಣ್ಣು ಬೇಕು ಅಥವಾ ರೆಕ್ಕೆ ದೊಡ್ಡದಾಗಬೇಕು.

ಬಾಟಲಿಯಲ್ಲಿ ಮೂರನೆಯ ಒಂದು ಭಾಗದಷ್ಟು ನೀರು ತುಂಬಿ, ಸೈಕಲ್ ಟ್ಯೂಬಿನ ವಾಲ್ವನ್ನು ಕೂರಿಸಿದ ರಬ್ಬರ್ ಬಿರಡೆಯಿಂದ ಬಾಯನ್ನು ಮುಚ್ಚಿ, ತಲೆಕೆಳಗಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಉದ್ದನೆಯ ನಳಿಕೆಯ ಮೂಲಕ ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಒಳಗಿನ ಒತ್ತಡ ಏರುತ್ತ ಹೋಗಿ, ಬಿರಡೆ ಕಳಚಿದ ಕ್ಷಣವೇ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಹಾರುತ್ತದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಎದುರು ಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮವು ಇಲ್ಲಿ ಮೈಮೇಲೆ ನೀರು ಸಿಡಿಸಿಯೇ ಅರ್ಥವಾಗುತ್ತದೆ.

ನೀರೇಕೆ ಬೇಕು, ಗಾಳಿಯಷ್ಟೇ ಸಾಲದೆ ಎಂದು ಮಗು ಕೇಳಿದರೆ ಉತ್ತರ ಹೇಳಬೇಡಿ, ಮಾಡಿ ನೋಡಲು ಬಿಡಿ. ನೀರಿಲ್ಲದೆ, ಕಾಲು ಭಾಗ, ಅರ್ಧ, ಮುಕ್ಕಾಲು ಭಾಗ ನೀರಿನಿಂದ ತಲಾ ಮೂರು ಸಲ ಹಾರಿಸಿ ಎತ್ತರವನ್ನು ಬರೆದುಕೊಳ್ಳಲಿ. ಗಾಳಿ ಹಗುರವಾದುದರಿಂದ ಅದರ ತಳ್ಳುವಿಕೆ ಕಡಿಮೆಯೆಂದೂ, ನೀರು ಅತಿಯಾದರೆ ಗಾಳಿಗೆ ಸ್ಥಳವಿಲ್ಲದಾಗುವುದೆಂದೂ ಮಗುವೇ ಕಂಡುಕೊಳ್ಳುತ್ತದೆ.

ಎತ್ತರವನ್ನು ಅಳೆಯಲು ಕಂಪಾಸ್ ಪೆಟ್ಟಿಗೆಯ ಕೋನಮಾಪಕವೇ ಸಾಕು. ಅದರ ನಡುವಿಗೆ ದಾರ ಕಟ್ಟಿ ಒಂದು ಕಲ್ಲನ್ನು ತೂಗುಬಿಡಬೇಕು. ಹಾರಿಸುವ ಜಾಗದಿಂದ 50 ಮೀಟರ್ ದೂರದಲ್ಲಿ ನಿಂತು, ರಾಕೆಟ್ಟು ಶಿಖರದಲ್ಲಿರುವಾಗ ಅದರ ಅಂಚಿನ ನೇರಕ್ಕೆ ನೋಡಿ, ನೋಟವು ನೆಲಮಟ್ಟದಿಂದ ಎಷ್ಟು ಮೇಲೆದ್ದಿತೆಂಬ ಕೋನವನ್ನು ಗುರುತಿಸಬೇಕು. ಕೋನ 45 ಡಿಗ್ರಿ ಇದ್ದರೆ ಎತ್ತರ 50 ಮೀಟರ್. 40 ಇದ್ದರೆ ಸುಮಾರು 42. 30 ಇದ್ದರೆ ಸುಮಾರು 29. ಅದಕ್ಕೆ ನೋಡಿದವರ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಕಂಠಪಾಠ ಮಾಡಿ ಮರೆಯುವ ಮಕ್ಕಳು ಬಯಲಿನಲ್ಲಿ ಕಲಿತುದನ್ನು ಮರೆಯುವುದಿಲ್ಲ.

ಹಿರಿಯರು ಗಮನಿಸಬೇಕಾದುದು

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಜೋಳ, ಕಡಲೆಗಳ ಸುಗ್ಗಿ ಮುಗಿದ ಮೇಲೆ ಹೊಲಗಳು ಬಯಲಾಗಿ ನಿಲ್ಲುತ್ತವೆ. ಜಾಗಕ್ಕೆ ಕೊರತೆಯಿಲ್ಲ. ಆದರೆ ಬೇಸಿಗೆಯಲ್ಲಿ ಎರೆನೆಲ ಬಿರಿದಿರುತ್ತದೆ, ಹೊಲಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿರುತ್ತವೆ. ಆಕಾಶ ನೋಡುತ್ತ ಓಡುವ ಮಗುವಿಗೆ ಕಾಲಕೆಳಗಿನದು ಕಾಣುವುದಿಲ್ಲ. ಆದುದರಿಂದ ಮೊದಲ ಸಲಕ್ಕೆ ಶಾಲೆಯ ಆಟದ ಬಯಲೇ ಉತ್ತಮ. ಪಂಪು ಹೊಡೆಯುವವರು ನಳಿಕೆಯ ಉದ್ದದಷ್ಟು ದೂರ, ಉಳಿದವರು ಕನಿಷ್ಠ ಹತ್ತು ಮೀಟರ್ ದೂರ ನಿಲ್ಲಲಿ, ಕಣ್ಣಿಗೆ ಕನ್ನಡಕವಿರಲಿ. ಗಾಳಿ ತುಂಬಿದ ಬಾಟಲಿಯ ಮೇಲೆ ಯಾರೂ ಬಾಗಿ ನೋಡಕೂಡದು. ವಿದ್ಯುತ್ ತಂತಿಗೆ ಸಿಕ್ಕಿಕೊಂಡ ರಾಕೆಟ್ಟನ್ನು ಅಲ್ಲಿಯೇ ಬಿಟ್ಟುಬಿಡಬೇಕು. ಕೋಲಿನಿಂದ ತೆಗೆಯಲು ಹೋಗಬಾರದು.

ಹಬ್ಬದ ದಿನಗಳಲ್ಲಿ ಸಿಡಿಯದ ಪಟಾಕಿಗಳ ಮೇಲೆ ನೀರು ಸುರಿಯಿರಿ. ಸುಟ್ಟ ಗಾಯವಾದರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚಬೇಡಿ. ಕಣ್ಣಿಗೆ ಪೆಟ್ಟಾದರೆ ಉಜ್ಜದೆ, ಮನೆಮದ್ದು ಮಾಡದೆ, ಕೂಡಲೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ.

ಅಮೆರಿಕದ ಕೋಲ್‌ವುಡ್ ಎಂಬ ಗಣಿಯ ಊರಿನಲ್ಲಿ ಹೋಮರ್ ಹಿಕಮ್ ಎಂಬ ಹುಡುಗನ ಮೊದಲ ಪ್ರಯೋಗವು ತಾಯಿಯ ಗುಲಾಬಿ ತೋಟದ ಬೇಲಿಯನ್ನೇ ಹಾರಿಸಿತು. ಆದರೂ ತಾಯಿ ಅವನ ಕನಸನ್ನು ಕೊಲ್ಲಲಿಲ್ಲ. ಶಾಲೆಯ ಶಿಕ್ಷಕಿ ಫ್ರೀಡಾ ರೈಲಿ ಅವನಿಗೆ ಪುಸ್ತಕ ಕೊಟ್ಟರು. ಗಣಿಯ ಕಮ್ಮಟದ ಕೆಲಸಗಾರರು ಕೈನೆರವು ನೀಡಿದರು. 1960ರಲ್ಲಿ ಅವನು ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಪದಕ ಗೆದ್ದು, ಮುಂದೆ ನಾಸಾ ಸಂಸ್ಥೆಯ ಎಂಜಿನಿಯರಾದನು. ಅಪಾಯದಿಂದ ಪಾರಾದುದು ಅವನ ಅದೃಷ್ಟ, ಅದನ್ನು ಅನುಕರಿಸಬೇಕಾಗಿಲ್ಲ. ಅನುಕರಿಸಬೇಕಾದುದು ಅವನ ಸುತ್ತ ನಿಂತ ಹಿರಿಯರನ್ನು.

ಅಂತಹ ಹಿರಿಯರು ನಮ್ಮ ಊರುಗಳಲ್ಲಿಯೂ ಇದ್ದಾರೆ. ವಾಲ್ವು ಕೂರಿಸಿಕೊಡಲು ಸೈಕಲ್ ಅಂಗಡಿಯವರು, ಸ್ಟ್ಯಾಂಡು ಮಾಡಿಕೊಡಲು ಬಡಿಗೇರರು, ಪ್ಯಾರಾಶೂಟ್ ಕತ್ತರಿಸಲು ದರ್ಜಿಯವರು, ಲೆಕ್ಕ ತಿದ್ದಲು ಗಣಿತದ ಮಾಸ್ತರರು. ಇವರೆಲ್ಲರ ಕಾಯಕವು ಕೂಡಿದಾಗಲೇ ಒಂದು ಬಾಟಲಿ ಹಾರುತ್ತದೆಂಬುದನ್ನು ಮಗು ಕಂಡರೆ, ಕೈಕೆಲಸದ ಮೇಲೆ ಅದಕ್ಕೆ ಗೌರವವೂ ಹುಟ್ಟುತ್ತದೆ. ಇದು ಗಂಡುಮಕ್ಕಳ ಆಟವೆಂದು ಹೆಣ್ಣುಮಕ್ಕಳನ್ನು ದೂರ ನಿಲ್ಲಿಸುವುದೂ ಸಲ್ಲದು. ಚನ್ನಮ್ಮನ ಹೆಸರಿನಲ್ಲಿ 1969ರಿಂದಲೇ ಬಾಲಕಿಯರ ಸೈನಿಕ ಶಾಲೆ ನಡೆಯುತ್ತಿರುವ ಕಿತ್ತೂರು ನಮ್ಮ ನಡುವೆಯೇ ಇದೆ.

ಬರುವ ಬೇಸಿಗೆಯ ರಜೆಯಲ್ಲಿ ನಾಲ್ಕಾರು ಮನೆಯವರು ಕೂಡಿ, ಊರ ಶಾಲೆಯ ಶಿಕ್ಷಕರೊಬ್ಬರನ್ನು ಕರೆದು, ಒಂದು ಬೆಳಗನ್ನು ಈ ಕಾರ್ಯಕ್ಕೆ ಮೀಸಲಿಡಬಹುದು. ಖರ್ಚು ಅತ್ಯಲ್ಪ. ಮೊದಲ ದಿನ ಅನೇಕ ರಾಕೆಟ್ಟುಗಳು ಓರೆಯಾಗಿ ಹೋಗಿ ಬೀಳುತ್ತವೆ. ಬೀಳಲಿ. ಏಕೆ ಬಿದ್ದಿತೆಂದು ಮಕ್ಕಳೊಡನೆ ಕುಳಿತು ವಿಚಾರಿಸಿ, ತಿದ್ದಿಸಿ, ಮತ್ತೆ ಹಾರಿಸಿ. ಹಿರಿಯರ ಎದುರಿನಲ್ಲಿ, ಹಗಲಿನ ಬೆಳಕಿನಲ್ಲಿ ರಾಕೆಟ್ಟು ಹಾರಿಸಿದ ಮಗುವು ಹಿತ್ತಲಿನಲ್ಲಿ ಕದ್ದು ಮದ್ದು ತುಂಬಲು ಹೋಗುವುದಿಲ್ಲ.